ನಮ್ಮ ಮನೆಯಲ್ಲಿ ಯಾರೂ ಬೀಡಿ ಸೇದುವುದಿಲ್ಲ

ನನ್ನ ಗಂಡ ದಿನಕ್ಕೆ ಎಷ್ಟು ಸಲ ಪಾಯಖಾನೆಗೆ ಹೋಗುತ್ತಾರೆಂದು ಎಣಿಸುವ ಹೆಂಗಸು ನಾನು. ಇದನ್ನು ಬರೆಯಲು ನಾಚಿಕೆಯೇನೂ ಇಲ್ಲ, ಎಣಿಸಿ ಎಣಿಸಿ ನಾಚಿಕೆ ಸವೆದುಹೋಗಿದೆ. ಎರಡು ಸಲ ಆದರೆ ಸರಿ. ಮೂರಾದರೆ ರೊಟ್ಟಿ ಬಡಿಯುವ ಕೈ ನಿಲ್ಲುತ್ತದೆ. ನಾಲ್ಕಾದ ದಿನ ಕಲ್ಲೋಳಿಯ ಶಾಲೆಗೆ ಪಾಠ ಮಾಡಲು ಹೋದವಳು ಎರಡನೇ ತರಗತಿಯ ಮಕ್ಕಳ ಮೇಲೆ ಹರಿಹಾಯ್ದಿದ್ದೇನೆ. ಒಂದು ಮಗ್ಗಿ ತಪ್ಪಿದ್ದಕ್ಕೆ ಇಷ್ಟೊಂದು ಬೈಗುಳವೇ ಎಂದು ಅವು ಪಿಳಿಪಿಳಿ ನೋಡಿವೆ. ಅಕ್ಕೋರ ಗಂಡ ಅವತ್ತು ನಾಲ್ಕು ಸಲ ಚೆಂಬು ಹಿಡಿದು ಎದ್ದಿದ್ದಾರೆಂದು ಪಾಪ ಅವಕ್ಕೆ ಹೇಗೆ ಗೊತ್ತಾಗಬೇಕು!

ನನ್ನ ತವರು ಹುಕ್ಕೇರಿ. ಕೊಟ್ಟಿದ್ದು ಮೂಡಲಗಿ ಹತ್ತಿರದ ತುಕ್ಕಾನಟ್ಟಿಗೆ, ಕುರಿ ಕಾಯುವ ಮನೆತನಕ್ಕೆ. ಈಗ ಕಬ್ಬಿನ ಹೊಲವೂ ಇದೆ, ಆದರೆ ನನ್ನ ಮಾವ ಮೂವತ್ತು ಕುರಿಗಳನ್ನು ಇನ್ನೂ ಬಿಟ್ಟಿಲ್ಲ. ಅವರಿಗೆ ಹೊಲಕ್ಕಿಂತ ಕುರಿಗಳ ಮೇಲೆಯೇ ನಂಬಿಕೆ. ಗಂಡನದು ಮೂಡಲಗಿಯಲ್ಲಿ ಮೋಟರ್ ರಿಪೇರಿ ಅಂಗಡಿ. ಬಾವಿಯ, ಬೋರಿನ ಮೋಟರು ಸುಟ್ಟರೆ ಅದರ ಹಳೇ ತಂತಿ ಕಿತ್ತು ಹೊಸ ತಂತಿ ಸುತ್ತಿ ಕೊಡುವ ಕೆಲಸ. ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. ಮನೆಯಲ್ಲಿ ನಾವು ಮೂರೇ ಜನ, ಆದರೆ ಮೂವರೂ ಒಂದೇ ಸಲ ಮನಸ್ಸು ಬಿಚ್ಚಿ ಮಾತಾಡಿದ್ದು ನನಗಂತೂ ನೆನಪಿಲ್ಲ. ಮಾವ ಬಂದರೆ ಗಂಡ ಎದ್ದು ನಿಲ್ಲುತ್ತಾರೆ, ಗಂಡ ಕೂತರೆ ಮಾವ ಹೊರಗೆ ಹೋಗುತ್ತಾರೆ, ನಾನು ಅಡುಗೆಮನೆಯಿಂದ ಇಬ್ಬರಿಗೂ ಚಹಾ ಕಳಿಸುತ್ತೇನೆ. ಹೀಗೆ ಹದಿನೇಳು ವರ್ಷ ಸುಖವಾಗಿಯೇ ನಡೆದಿತ್ತು.

ಗಂಡನ ಹೊಟ್ಟೆನೋವು ಶುರುವಾಗಿ ಮೂರು ವರ್ಷ ಯಾರಿಗೂ ಅದು ಏನೆಂದು ತಿಳಿಯಲಿಲ್ಲ. ಮೊದಲು ಕರುಳಿನ ಟಿ.ಬಿ. ಇರಬಹುದೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದರು. ಟಿ.ಬಿ.ಯೂ ಇವರಿಗಿದ್ದ ರೋಗವೂ ನೋಡಲು ಒಂದೇ ತರಹ ಇರುತ್ತವಂತೆ. ಕೊನೆಗೆ ಗೋಕಾಕಕ್ಕೆ ಶನಿವಾರ ಶನಿವಾರ ಬರುವ ಹೊಟ್ಟೆಯ ಡಾಕ್ಟರು ಅದಕ್ಕೆ ಕ್ರೋನ್ಸ್, ಅಂದರೆ ಕರುಳಿಗೆ ಬಾವು ಬಂದು ಹುಣ್ಣಾಗುವ ರೋಗ, ಎಂದು ಹೆಸರಿಟ್ಟರು. ಹೆಸರು ಸಿಕ್ಕಿತೆಂದು ನನಗೆ ಅರ್ಧ ಸಮಾಧಾನವಾಗಿತ್ತು. ಆದರೆ ಅಷ್ಟರಲ್ಲಿ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗ ಬಿಗಿದು ಅನ್ನ ಮುಂದೆ ಹೋಗದ ಹಾಗಾಗಿತ್ತು. ದೀಪಾವಳಿಯ ವಾರ ಬೆಳಗಾವಿಯಲ್ಲಿ ಆಪರೇಶನ್ ಆಯಿತು. ಕೆಟ್ಟ ಭಾಗ ಒಂದು ಗೇಣಿನಷ್ಟು ಕೊಯ್ದು ತೆಗೆದು, ಉಳಿದ ಎರಡು ತುದಿಗಳನ್ನು ಕೂಡಿಸಿ ಹೊಲಿದರು. ಮಾವ ಅದನ್ನು ಕೇಳಿ, "ಕೆಟ್ಟದ್ದು ಹೋತಲಾ, ಇನ್ನ ಮುಗೀತು" ಎಂದು ಕೈ ಮುಗಿದರು. ನಾನೂ ಹಾಗೇ ತಿಳಿದಿದ್ದೆ.

ಹೊಲಿಗೆ ಮಾಗಿದ ಮೇಲೆ ಮೊದಲ ಸಲ ಗೋಕಾಕದ ಡಾಕ್ಟರ ಹತ್ತಿರ ಹೋದಾಗ ಅವರು ಆ ಸಮಾಧಾನವನ್ನು ಎರಡೇ ಮಾತಿನಲ್ಲಿ ಕಿತ್ತುಕೊಂಡರು.

"ಕೊಯ್ದ ತಗದಾರ, ಖರೆ. ಆದ್ರ ರೋಗ ಹೋತಂತ ತಿಳಕೋಬ್ಯಾಡ್ರಿ. ಕೂಡಿಸಿದ ಜಾಗಾದಾಗನ ಅದು ತಿರಗಿ ಬರತೈತಿ. ಕೆಲವರಿಗೆ ಲಗೂನ, ಕೆಲವರಿಗೆ ತಡಾ. ನಿಮಗ ಎಷ್ಟ ಅಪಾಯ ಐತಿ ಅಂತ ತಿಳಕೊಳ್ಳಾಕ ಒಂದ ನಾಕ ಮಾತ ಕೇಳ್ತೇನಿ."

ಕೇಳಿದರು. ಇದಕ್ಕೂ ಮೊದಲು ಕರುಳಿನ ಆಪರೇಶನ್ ಆಗಿತ್ತೇ? ಇಲ್ಲ. ಕರುಳು ತೂತಾಗಿ ಹೊಟ್ಟೆಯಲ್ಲಿ ಕೀವು ತುಂಬಿತ್ತೇ? ಇಲ್ಲ, ಬಿಗಿದಿತ್ತು ಅಷ್ಟೇ. ಕೂರುವ ಜಾಗದಲ್ಲಿ ಕುರು, ಕೀವು? ಗಂಡ ಕಿವಿ ಕೆಂಪಗೆ ಮಾಡಿಕೊಂಡು ಇಲ್ಲ ಎಂದರು. ಆಮೇಲೆ ಡಾಕ್ಟರು ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಬೀಡಿ, ಸಿಗರೇಟ್ ಏನರ ಐತೇನ್ರಿ?"

ಗಂಡ ಪಕ್ಕದಲ್ಲಿ ಕೂತಿದ್ದ ಅಪ್ಪನ ತಲೆಯ ರುಮಾಲಿನ ಕಡೆ ಒಮ್ಮೆ ನೋಡಿದರು. "ಇಲ್ರಿ" ಎಂದರು.

ಮಾವ ತಲೆಯ ಮೇಲಿನ ಫ್ಯಾನು ನೋಡಿದರು. ನಾನು ನನ್ನ ಕಾಲ್ಬೆರಳು ನೋಡಿಕೊಂಡೆ.

ಇದನ್ನು ಬೇರೆ ಕಡೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಮೀಸೆ ನರೆತ ಗಂಡಸೂ ಅಪ್ಪನ ಮುಂದೆ ಬೀಡಿ ಬಾಯಿಗಿಡುವುದಿಲ್ಲ. ಅಪ್ಪ ದೂರದಲ್ಲಿ ಕಂಡರೂ ಸಾಕು, ಉರಿಯುವ ಬೀಡಿ ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ, ಮರ್ಯಾದೆ ಎನ್ನುತ್ತಾರೆ. ಅಪ್ಪನ ಎದುರಿಗೆ ಹೊಗೆ ಬಿಟ್ಟ ಮಗನನ್ನು ಊರು ಎಲ್ಲಿಯೂ ಕೂರಿಸಿಕೊಳ್ಳುವುದಿಲ್ಲ. ಹಾಗೆಯೇ ಗಂಡನ ಮಾತನ್ನು ಮಾವನ ಮುಂದೆ ಸುಳ್ಳು ಮಾಡುವ ಸೊಸೆಯನ್ನೂ. ನಾನು ಡಿ.ಎಡ್. ಮಾಡಿದವಳು, ಮಕ್ಕಳಿಗೆ ದಿನಾ ಸತ್ಯ ಹೇಳಬೇಕೆಂದು ಪಾಠ ಹೇಳುವವಳು. ಆದರೂ ಆ ಕುರ್ಚಿಯಲ್ಲಿ ನಾನು ಬರೀ ತುಕ್ಕಾನಟ್ಟಿಯ ಸೊಸೆಯಾಗಿದ್ದೆ.

ಡಾಕ್ಟರು ಖುಷಿಯಾದರು. "ಬೇಷ್ ಆತು ನೋಡ್ರಿ. ಸೇದಾವ್ರಿಗೆ ಇದು ಲಗೂನ ತಿರಗಿ ಬರತೈತಿ. ಎರಡನೇ ಸಲ ಕೊಯ್ಯೂ ಪಾಳಿನೂ ಅವ್ರಿಗೆ ಹೆಚ್ಚ. ನೀವೇನರ ಸೇದಾವ್ರಾಗಿದ್ರ ಇವತ್ತಿಂದನ ಗಟ್ಟಿ ಔಷಧ ಚಾಲೂ ಮಾಡ್ತಿದ್ದೆ. ಈಗ ಬ್ಯಾಡ. ಆರ ತಿಂಗಳಿಗೆ ಕರುಳಾಗ ಕ್ಯಾಮೆರಾ ಹಾಕಿ ನೋಡೂಣು."

ಇಷ್ಟು ಬಿಡಿಸಿ ಹೇಳಿದ ಮೇಲಾದರೂ ಯಾರಾದರೊಬ್ಬರು ಬಾಯಿ ಬಿಡಬೇಕಿತ್ತು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಹೊರಗೆ ಬಂದು ಮೂವರೂ ಚಹಾ ಕುಡಿದೆವು. ಔಷಧವೇ ಬೇಡವೆಂದರಲ್ಲ ಎಂದು ಮಾವ ಎರಡೆರಡು ಸಲ ಹೇಳಿದರು. ಗಂಡ ನಗುತ್ತಿದ್ದರು. ನಾನೂ ನಕ್ಕೆ, ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಊರಿಗೆ ಬಂದ ಮೇಲೆ ತಪ್ಪು ಯಾರ ಮೇಲಾದರೂ ಹೊರಿಸಬೇಕಿತ್ತಲ್ಲ, ಮೆಣಸಿನಕಾಯಿಯ ಮೇಲೆ ಹೊರಿಸಿದೆವು. ನೋಡಲು ಬಂದ ಹೆಂಗಸರೆಲ್ಲ ಒಂದೇ ಮಾತು: "ಖಾರಕ್ಕ ಕರುಳ ಸುಟ್ಟಾವು." ಖಾರ ತಿನ್ನುತ್ತಿದ್ದೆವು ಎಂದು ಒಪ್ಪಿಕೊಳ್ಳಲು ಯಾರಿಗೂ ಸಂಕೋಚವಿಲ್ಲ. ನಾನು ಹಸಿಮೆಣಸಿನಕಾಯಿ, ಕೆಂಪು ಖಾರ ಎಲ್ಲ ಮನೆಯಿಂದ ಹೊರಗೆ ಹಾಕಿದೆ. ಹಾಲು ಅನ್ನ, ಸಪ್ಪನೆಯ ಬೇಳೆ, ಮೆತ್ತಗಿನ ರೊಟ್ಟಿ. ಮಗನಿಗಿಲ್ಲದ್ದು ತನಗೂ ಬೇಡವೆಂದು ಮಾವ ಕೂಡ ಸಪ್ಪಗೆ ತಿಂದರು. ಎಪ್ಪತ್ತು ವರ್ಷ ರೊಟ್ಟಿಯ ಜೊತೆ ಮೆಣಸಿನಕಾಯಿ ಕಚ್ಚಿದ ಮನುಷ್ಯ ಸಪ್ಪನೆಯ ಬೇಳೆಯ ಮುಂದೆ ಕೂತು ನಿಟ್ಟುಸಿರು ಬಿಡುವುದನ್ನು ನೋಡಿ ನಗುವೂ ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಏನೂ ಮಾಡದ ಮೆಣಸಿನಕಾಯಿಗೆ ಶಿಕ್ಷೆ, ಬೀಡಿಗೆ ಮಾತ್ರ ಮರ್ಯಾದೆ.

ಮೊದಲ ಎರಡು ತಿಂಗಳು ಗಂಡ ಖರೆ ಖರೆ ಬಿಟ್ಟಿದ್ದರು. ಮನೆಯಲ್ಲಿ ಮಲಗಿದ್ದರು, ಅಪ್ಪನ ಕಣ್ಣೆದುರಿಗೇ ಇದ್ದರು, ಎಲ್ಲಿ ಸೇದಬೇಕು? ಬೇಸಿಗೆ ಹತ್ತಿರ ಬಂದು ಬಾವಿಗಳ ನೀರು ಕೆಳಗಿಳಿದು ಮೋಟರು ಸುಡಲು ಶುರುವಾದ ಮೇಲೆ ಅಂಗಡಿ ತೆಗೆದರು. ಎರಡನೇ ವಾರವೇ ಅಂಗಿ ಒಗೆಯುವಾಗ ನನಗೆ ವಾಸನೆ ಬಂತು. ಸುಟ್ಟ ತಂತಿಯ ವಾಸನೆ ನನಗೆ ಗೊತ್ತು, ಬೀಡಿಯದೂ ಗೊತ್ತು. ಆ ಅಂಗಿಯನ್ನು ಹಿಡಿದುಕೊಂಡೇ ಅವರ ಮುಂದೆ ಹೋಗಿ ನಿಂತೆ.

"ಒಂದೆರಡ ಸೇದೇನಿ. ಅಂಗಡ್ಯಾಗ ಮಂದಿ ಕೊಡ್ತಾರ, ಒಲ್ಲೆ ಅನ್ನಾಕ ಆಗೂದಿಲ್ಲ" ಎಂದರು. "ಹೊಟ್ಟಿ ಆರಾಮ ಐತಿ. ತೂಕಾನೂ ಏರೇತಿ. ಆರಾಮ ಇದ್ದದ್ದನ್ನ ಯಾಕ ಕೆದಕತಿ?"

"ಡಾಕ್ಟರಗ ಫೋನ್ ಮಾಡಿ ಹೇಳ್ತೇನ್ರಿ ನಾ."

"ಹೇಳು. ಅವ್ರು ಅಪ್ಪನ ಕರದು ಹೇಳ್ತಾರು. ಆಮ್ಯಾಲ ನಾ ಅಪ್ಪನ ಮುಂದ ಹ್ಯಾಂಗ ಅಡ್ಡಾಡ್ಲಿ? ಅದನ್ನೂ ನೀನ ಹೇಳು."

ನನಗೆ ತಲೆ ಕೆಟ್ಟುಹೋಯಿತು. ಕರುಳು ಹೋದರೂ ಪರವಾಗಿಲ್ಲ, ಅಪ್ಪನ ಮುಂದೆ ಮುಖ ಉಳಿಯಬೇಕು ಎನ್ನುವ ಇವರಿಗೆ ಏನು ಹೇಳುವುದು? ಸಿಟ್ಟು ಮಾಡಿಕೊಂಡು ಹುಕ್ಕೇರಿಗೆ ಹೋದೆ. ಒಂದು ವಾರ ಇರುತ್ತೇನೆಂದು ಸಾರಿ ಹೋದವಳು ಎರಡನೇ ದಿನವೇ ವಾಪಸ್ಸು ಬಂದೆ. ಅಲ್ಲಿ ಕೂತರೆ ಇಲ್ಲಿ ಎಷ್ಟು ಸಲ ಆಯಿತೆಂದು ಎಣಿಸುವವರು ಯಾರು? ಅವ್ವ ಬಸ್ಸಿಗೆ ಬಿಡಲು ಬಂದವಳು, "ಬಂದಾಕಿ ಒಂದ ತಾಸರ ಒಂದ ಕಡೆ ಕುಂತೀಯೇನ ನೀ" ಎಂದು ಬೈದು ಕಳಿಸಿದಳು.

ಹೊಸ ಚಟವೊಂದು ಅಂಟಿಕೊಂಡಿತು ನನಗೆ. ತೊಳೆದ ಪಾತ್ರೆ ಮತ್ತೆ ತೊಳೆಯುವುದು, ಕಸ ಹೊಡೆದ ಅಂಗಳ ಮತ್ತೆ ಹೊಡೆಯುವುದು, ನಡುವೆ ಫೋನು ಕೈಗೆತ್ತಿಕೊಂಡು ಡಾಕ್ಟರ ನಂಬರು ತೆಗೆಯುವುದು. ಎರಡು ಸಲ ಹಚ್ಚಿದೆ. ಎರಡೂ ಸಲ ಆ ಕಡೆ ರಿಂಗಾಗುತ್ತಿದ್ದಂತೆ ಕಟ್ ಮಾಡಿದೆ. ಗಂಡನ ಮೇಲೆ ಎಷ್ಟು ಸಿಟ್ಟಿತ್ತೋ ಅದರ ಎರಡರಷ್ಟು ನನ್ನ ಮೇಲಿತ್ತು. ಅದನ್ನು ಬಾಯಿ ಬಿಟ್ಟು ಹೇಳಲಾರದೆ ಮಾವನ ಕುರಿಗಳಿಗೆಲ್ಲ ಬೈಯುತ್ತಿದ್ದೆ.

ಮೇ ತಿಂಗಳಲ್ಲಿ ಕ್ಯಾಮೆರಾದ ದಿನ ಬಂತು. ಗಂಡ ಇನ್ನೊಂದು ತಿಂಗಳು ಮುಂದಕ್ಕೆ ಹಾಕೋಣ, ಅಂಗಡಿಯಲ್ಲಿ ಹದಿನೆಂಟು ಮೋಟರು ಬಿದ್ದಿವೆ ಎಂದರು. ನಾನು ಒಂದೂ ಮಾತಾಡದೆ ಅವರ ಚೀಲ ಕಟ್ಟಿಟ್ಟೆ. ಹೊಟ್ಟೆ ಖಾಲಿ ಮಾಡುವ ಉಪ್ಪುಪ್ಪು ನೀರು ಹಿಂದಿನ ದಿನ ಮಧ್ಯಾಹ್ನದಿಂದ ಕುಡಿಸಿದೆ. ಅವತ್ತು ಒಂದು ದಿನ ಮಾತ್ರ ನನ್ನ ಎಣಿಕೆಗೆ ರಜೆ.

ಗೋಕಾಕದ ಆಸ್ಪತ್ರೆಯ ಬೆಂಚಿನ ಮೇಲೆ ಮಾವ ಮತ್ತು ನಾನು ಕೂತೆವು. ನಾನು ಕೂತೆ ಎನ್ನುವುದು ಸುಳ್ಳು, ಬಾಗಿಲಿನಿಂದ ನೀರಿನ ನಳದವರೆಗೆ ನಡೆಯುತ್ತಲೇ ಇದ್ದೆ. "ಕುಂಡ್ರವಾ, ನನ್ನ ತಲಿ ತಿರಗಾಕತ್ತೇತಿ" ಎಂದು ಮಾವ ಹೇಳುವ ತನಕ. ಅವರು ಶಾಂತವಾಗಿದ್ದರು. ಕೆಟ್ಟದ್ದನ್ನು ಕೊಯ್ದಾಗಿದೆ, ಖಾರ ಬಿಟ್ಟಾಗಿದೆ, ಮಗ ತೂಕ ಏರಿದ್ದಾನೆ. ಮಾವನ ಲೆಕ್ಕದಲ್ಲಿ ಎಲ್ಲ ಸರಿಯಿತ್ತು ಎಂದು ನಾನು ತಿಳಿದಿದ್ದೆ.

ಒಳಗೆ ಕರೆದರು. ಗಂಡನಿಗೆ ಕೊಟ್ಟ ಔಷಧದ ಮಂಪರು ಇನ್ನೂ ಪೂರ್ತಿ ಇಳಿದಿರಲಿಲ್ಲ, ಕುರ್ಚಿಯಲ್ಲಿ ಒರಗಿಕೊಂಡಿದ್ದರು. ಡಾಕ್ಟರು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕರುಳು ಕೂಡಿಸಿದ ಜಾಗದ ಅಂಚಿನಲ್ಲಿ ಬೆಳ್ಳಬೆಳ್ಳಗೆ ಹುಣ್ಣುಗಳು. ಒಂದಲ್ಲ, ಎರಡಲ್ಲ.

"ಹೊಟ್ಟಿ ನೋಯ್ತಿತ್ತೇನ್ರಿ?"

"ಇಲ್ರಿ, ಆರಾಮ ಇದ್ದೆ."

"ಅಲ್ಲೇ ಮೋಸ ಹೋಗೂದು. ಹುಣ್ಣ ಮೊದಲ ಬರತಾವು, ನೋವ ಎಷ್ಟೋ ದಿನದ ಮ್ಯಾಲ ಬರತೈತಿ. ಆರಾಮ ಅನಸ್ತೈತಿ, ಒಳಗ ಅದು ತನ್ನ ಕೆಲಸಾ ಮಾಡ್ಕೋತ ಹೊಂಟಿರತೈತಿ." ಡಾಕ್ಟರು ಹಳೆಯ ಕಾಗದ ತಿರುವಿದರು. "ಆದ್ರ ಇಷ್ಟ ಲಗೂನ ಹ್ಯಾಂಗ? ನಿಮಗ ಅಪಾಯ ಕಮ್ಮಿ ಅಂತನ ನಾ ಔಷಧ ಕೊಟ್ಟಿಲ್ಲ. ಬೀಡಿ ಗೀಡಿ ಏನೂ ಇಲ್ಲಂದಿದ್ರಿ..."

ಗಂಡ ಮತ್ತೆ ಅಪ್ಪನ ರುಮಾಲಿನ ಕಡೆ ನೋಡಿದರು. ಮಾವನ ಕತ್ತು ಫ್ಯಾನಿನ ಕಡೆ ಎದ್ದಿತು. ಅದನ್ನು ನೋಡಿದ್ದೇ ನನ್ನೊಳಗೆ ಏನೋ ಹರಿದುಹೋಯಿತು.

"ಸೇದ್ತಾರ್ರಿ!" ಎಂದೆ. ಹೊರಗಿನವರಿಗೂ ಕೇಳಿರಬೇಕು, ನರ್ಸಮ್ಮ ಬಾಗಿಲಲ್ಲಿ ಇಣುಕಿದಳು. "ಆಪರೇಶನ್ ಮೊದಲೂ ಸೇದ್ತಿದ್ರು, ಈಗೂ ಸೇದ್ತಾರು. ಆವತ್ತ ಸುಳ್ಳ ಹೇಳಿದ್ರು. ಅದು ಸುಳ್ಳಂತ ಗೊತ್ತಿದ್ದೂ ನಾ ಸುಮ್ಮ ಕುಂತೆ. ಅವ್ರದಷ್ಟ ಅಲ್ರಿ, ನಂದೂ ತಪ್ಪ ಐತಿ."

ಗಂಡನ ತಲೆ ಎದೆಗೆ ಇಳಿಯಿತು. ಇನ್ನು ಮಾವ ನನ್ನ ಕಡೆ ತಿರುಗುತ್ತಾರೆ, ಮನೆತನದ ಮಾನ ಗೋಕಾಕದ ಆಸ್ಪತ್ರೆಯಲ್ಲಿ ಹರಾಜು ಹಾಕಿದೆ ಎನ್ನುತ್ತಾರೆ ಎಂದು ಕಾಯುತ್ತ ನಿಂತೆ. ಮಾವ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ನನ್ನ ಮದುವೆಯಾದಾಗಿನಿಂದ ಪರರ ಎದುರು ಅವರು ರುಮಾಲು ತೆಗೆದದ್ದನ್ನು ನಾನು ನೋಡಿರಲಿಲ್ಲ.

"ನಂಗೂ ಗೊತ್ತಿತ್ರಿ ಸಾಹೇಬ್ರ" ಎಂದರು.

ಗಂಡ ಇಳಿಸಿದ್ದ ತಲೆ ಎತ್ತಿದರು.

"ಅಂವಾ ಸಾಲಿ ಬಿಟ್ಟಾಗಿಂದ ಗೊತ್ತೈತಿ. ಕುರಿದೊಡ್ಡಿ ಹಿಂದ ನಿಂತ ಸೇದತಾನ. ನಾ ಅತ್ತಾಗ ಹೋಗೂ ಮುಂದ ಕೆಮ್ಮಿ ಹೊಕ್ಕೇನಿ. ಬೀಡಿ ಒಗ್ಯಾಕ ಅವಗ ಯಾಳೇ ಸಿಗ್ಲಿ ಅಂತ."

ಆ ಕೆಮ್ಮು! ಅದು ಮುದುಕರ ಎದೆಯ ಕೆಮ್ಮೆಂದು ತಿಳಿದು ಹದಿನೇಳು ವರ್ಷ ನಾನು ಶುಂಠಿ ಕಷಾಯ ಕಾಸಿದ್ದೇನೆ. ಅವರೂ ಒಂದು ಮಾತಾಡದೆ ಕುಡಿದಿದ್ದಾರೆ. ಅಲ್ಲಿಯೇ ಕೂತು ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಗ ಅಪ್ಪನಿಂದ ಮುಚ್ಚಿಡುತ್ತಿದ್ದ, ಅಪ್ಪ ಮುಚ್ಚಿಡಲು ಮಗನಿಗೆ ನೆರವಾಗುತ್ತಿದ್ದ, ನಾನು ಇಬ್ಬರ ನಡುವೆ ಕಷಾಯ ಕಾಸುತ್ತಿದ್ದೆ. ಇಷ್ಟು ಅಚ್ಚುಕಟ್ಟಾಗಿ ನಡೆಯುತ್ತಿದ್ದ ಮನೆಗೆ ಡಾಕ್ಟರು ಬಂದು ಪ್ರಶ್ನೆ ಕೇಳಿದರೆ ಸತ್ಯ ಎಲ್ಲಿಂದ ಹೊರಡಬೇಕು?

ಡಾಕ್ಟರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೂರೂ ಮಂದಿ ಕೂಡಿ ನನಗ ಸುಳ್ಳ ಹೇಳಿದ್ರೆಲ್ಲಾ" ಎಂದರು. ಆಮೇಲೆ ಮಾತ್ರೆ ಬರೆದರು. ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡಿಸಬೇಕು, ಜ್ವರ ಬಂದರೆ ತಡಮಾಡದೆ ಬರಬೇಕು, ಇಷ್ಟಕ್ಕೆ ಬಗ್ಗದಿದ್ದರೆ ಇಂಜೆಕ್ಷನ್ ಇದೆ ಎಂದು ವಿವರಿಸಿದರು. ಕೊನೆಗೆ ಗಂಡನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ನಾ ಎಷ್ಟ ಔಷಧ ಕೊಟ್ರೂ ಬೀಡಿ ಅದನ್ನ ತಿಂತೈತಿ. ಮತ್ತ ಕೊಯ್ಯೂದ ಬಂದ್ರ, ಕರುಳೇನ ಬಾವಿ ಹಗ್ಗ ಅಲ್ರಿ, ಹರದಷ್ಟೂ ಗಂಟ ಹಾಕ್ಕೋತ ಹೋಗಾಕ."

ಮೂಡಲಗಿ ಬಸ್ಸಿನಲ್ಲಿ ಮೂವರೂ ಮೂರು ಕಡೆ ಕೂತೆವು. ಸೀಟು ಬೇಕಾದಷ್ಟು ಖಾಲಿ ಇದ್ದವು. ಮನೆಗೆ ಬಂದ ಮೇಲೆ ಗಂಡ ಎಂಟು ದಿನ ನನ್ನ ಜೊತೆ ಮಾತು ಬಿಟ್ಟರು. ಮಾತ್ರೆ ಕೊಟ್ಟರೆ ನುಂಗುತ್ತಿದ್ದರು, ನೀರಿನ ಲೋಟ ನನ್ನ ಕೈಗೆ ಕೊಡದೆ ನೆಲಕ್ಕಿಡುತ್ತಿದ್ದರು. ಅಪ್ಪನ ಎದುರಂತೂ ಸುಳಿಯಲೇ ಇಲ್ಲ. ಮಾವ ಕುರಿ ಹೊಡೆದುಕೊಂಡು ಹೋದ ಮೇಲೆ ಏಳುವುದು, ಅವರು ಉಂಡು ಮಲಗಿದ ಮೇಲೆ ಮನೆಗೆ ಬರುವುದು. ನನಗೆ ಒಂದು ಗಳಿಗೆ ಒಳ್ಳೆಯದು ಮಾಡಿದೆ ಎನಿಸಿದರೆ, ಇನ್ನೊಂದು ಗಳಿಗೆ ಅಪ್ಪ ಮಗನನ್ನು ನಾನೇ ಒಡೆದೆ ಎನಿಸುತ್ತಿತ್ತು. ಹುಣ್ಣು ಮಾಯುತ್ತಿವೆಯೋ ಹೆಚ್ಚುತ್ತಿವೆಯೋ ಹೊರಗಿನಿಂದ ಕಾಣುವಂತಿಲ್ಲ, ಗಂಡ ಸೇದುತ್ತಿದ್ದಾರೋ ಇಲ್ಲವೋ ಕೇಳುವಂತಿಲ್ಲ. ಅಂಗಿ ಮೂಸುತ್ತಿದ್ದೆ. ಕೆಲವು ದಿನ ಬರೀ ತಂತಿಯ ವಾಸನೆ ಬರುತ್ತಿತ್ತು, ಕೆಲವು ದಿನ ಬೀಡಿಯದೂ ಬರುತ್ತಿತ್ತು.

ಮಾವ ಈ ಬಗ್ಗೆ ಒಂದು ಮಾತೂ ಆಡಲಿಲ್ಲ. ಒಂದು ದಿನ ಊಟಕ್ಕೆ ಕೂತವರು, "ಯವ್ವಾ, ಒಂದ ಮೆಣಸಿನಕಾಯಿ ಕೊಡು. ಅದರದೇನ ತಪ್ಪೈತಿ" ಎಂದರು. ಕಿರಾಣಿ ಅಂಗಡಿಯಿಂದ ತಂದು ಕೊಟ್ಟೆ.

ಮೊದಲ ಮಳೆ ಬಿದ್ದ ವಾರ. ಸಂಜೆ, ಇನ್ನೂ ದೀಪ ಹಚ್ಚಿರಲಿಲ್ಲ. ಕರೆಂಟು ಹೋಗಿದ್ದಕ್ಕೆ ಗಂಡ ಅವತ್ತು ಅಂಗಡಿ ಬೇಗ ಮುಚ್ಚಿ ಬಂದಿದ್ದರು. ಅಡುಗೆಮನೆಯ ಕಿಟಕಿಯಿಂದ ಕುರಿದೊಡ್ಡಿಯ ಹಿಂಬದಿ ಕಾಣುತ್ತದೆ. ಅವರು ಅಲ್ಲಿ ನಿಂತಿದ್ದರು, ಬೆನ್ನು ನನ್ನ ಕಡೆಗೆ, ತಲೆಯ ಮೇಲೆ ಸಣ್ಣಗೆ ಹೊಗೆ. ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಹೋಗಿ ಕೈಯಿಂದ ಕಿತ್ತು ಎಸೆಯಬೇಕೆಂದು ಒಲೆಯ ಉರಿ ಸಣ್ಣಗೆ ಮಾಡುವಷ್ಟರಲ್ಲಿ ಕುರಿಗಳ ಸದ್ದು ಕೇಳಿಸಿತು. ಮಾವ ಬರುತ್ತಿದ್ದರು. ಕುರಿಗಳನ್ನು ಮುಂದೆ ಬಿಟ್ಟು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಗೋಡೆಯ ಗುಂಟ ದೊಡ್ಡಿಯ ಮೂಲೆಗೆ ಬಂದರು.

ಕೆಮ್ಮಲಿಲ್ಲ.

ನಾನು ಕಾದೆ. ಇನ್ನು ನಾಲ್ಕು ಹೆಜ್ಜೆ ಇತ್ತು, ಮಾವ ಕೆಮ್ಮಲಿಲ್ಲ. ಇನ್ನು ಎರಡು. ಆಗ ನನಗೇ ಗಂಟಲು ಕೆರೆಯಿತು. ನಿಜವಾಗಿ ಹೇಳುತ್ತೇನೆ, ಗಂಡನನ್ನು ಬೈಯಲು ಹೊರಟಿದ್ದ ನನಗೆ, ಕಿಟಕಿಯಿಂದ ಜೋರಾಗಿ ಕೆಮ್ಮಿ ಅವರನ್ನು ಉಳಿಸಬೇಕೆನಿಸಿತು. ಬಾಯಿಗೆ ಸೆರಗು ಒತ್ತಿಕೊಂಡೆ.

ಮಾವ ಮೂಲೆ ತಿರುಗಿ ಮಗನ ಎದುರಿಗೆ ನಿಂತರು. ಗಂಡನ ಕೈ ಅಭ್ಯಾಸದಂತೆ ಮುಷ್ಟಿಯಾಗಲು ಹೋಯಿತು, ಅರ್ಧಕ್ಕೆ ನಿಂತಿತು. ಬೀಡಿ ಬೆರಳುಗಳ ನಡುವೆ ಉರಿಯುತ್ತಲೇ ಇತ್ತು. ಇಬ್ಬರೂ ಅದನ್ನೇ ನೋಡಿದರು.

"ಯಪ್ಪಾ" ಎಂದರು ಗಂಡ. "ಈ ವಾರದಾಗ ಇದ ಎರಡನೇದು."

ಮಾವ ಅಲ್ಲಿಯೇ ಇದ್ದ ಕಲ್ಲಿನ ಮೇಲೆ ಕೂತರು.

"ಮೊದಲನೇದ ಯಾವಾಗ?"

"ಮಂಗಳವಾರ. ಅಂಗಡ್ಯಾಗ."

ಮಾವ ತಲೆಯಾಡಿಸಿದರು. ಆಮೇಲೆ ಮಗನ ಮುಖ ನೋಡಿ ಹೇಳಿದರು:

"ಬರೂ ಶನಿವಾರ ಗೋಕಾಕಕ್ಕ ಹೋಗೂಣು. ಡಾಕ್ಟರಗ ಎರಡೂ ಹೇಳು. ನಾ ಹೊರಗ ಕುಂಡ್ರೂದಿಲ್ಲ, ನನ್ನ ಮುಂದನ ಹೇಳು."